ಬದುಕುಳಿದ ಕುರಿಯೆಲ್ಲ ಗಟ್ಟಿ ತಳಿಯಲ್ಲ

ಪ್ರಶ್ನೆ: ನನ್ನ ಬಳಿ 120 ಕುರಿಗಳಿದ್ದವು. ಕಳೆದ ವರ್ಷ ಪಿಪಿಆರ್ ರೋಗ (ಕುರಿ ಮೇಕೆಗಳಿಗೆ ಅಂಟುವ ಮಾರಕ ವೈರಸ್ ಕಾಯಿಲೆ) ಬಂದು 40ಕ್ಕೂ ಹೆಚ್ಚು ಸತ್ತವು. ಕೆಲವು ಕಾಯಿಲೆ ಬಿದ್ದು ಚೇತರಿಸಿಕೊಂಡವು. 11 ಕುರಿಗಳಿಗೆ ಮಾತ್ರ ಮೂಗು ಕೂಡ ಸೋರಲಿಲ್ಲ. ಅವುಗಳಲ್ಲಿ ಒಂದು ಟಗರೂ ಇದೆ. ಆ ಟಗರನ್ನೇ ಬೀಜಕ್ಕೆ ಬಿಟ್ಟು, ಈ 11ರ ಮರಿಗಳನ್ನಷ್ಟೇ ಉಳಿಸಿಕೊಳ್ಳುತ್ತ ಹೋದರೆ ರೋಗವೇ ತಟ್ಟದ ಹಿಂಡು ಕಟ್ಟಬಹುದೇ? ಇದು ಸಾಧ್ಯವಿದ್ದರೆ ಜನ ಲಸಿಕೆಗೂ ಔಷಧಿಗೂ ಏಕೆ ದುಡ್ಡು ಸುರಿಯುತ್ತಾರೆ? ಜಂತುಹುಳುವಿನ ಔಷಧಿಯಂತೂ ಈಗ ಮೊದಲಿನಂತೆ ಕೆಲಸವನ್ನೇ ಮಾಡುತ್ತಿಲ್ಲ.

ಉತ್ತರ: ಹಿಂಡಿನ ಮೂರನೆಯ ಒಂದು ಭಾಗ ಕಣ್ಣೆದುರೇ ಹೋದ ಮೇಲೂ ಉಳಿದವು ಏಕೆ ಉಳಿದವೆಂದು ಕೇಳಿದ್ದೀರಿ. ತಳಿ ಸುಧಾರಣೆ ಶುರುವಾಗುವುದೇ ಈ ಪ್ರಶ್ನೆಯಿಂದ. ನಿಮ್ಮ ಯೋಚನೆಯ ಬುಡ ಗಟ್ಟಿಯಾಗಿದೆ. ರೋಗವನ್ನು ಎದುರಿಸುವ ಗುಣ ತಂದೆತಾಯಿಯಿಂದ ಮರಿಗೆ ಇಳಿಯುತ್ತದೆ, ಅದನ್ನು ಆಯ್ದು ಬೆಳೆಸಬಹುದು. ಆದರೆ ನೀವು ಆರಿಸಿಕೊಂಡಿರುವ ರೋಗವೂ ನಂಬಿಕೊಂಡಿರುವ ಸಾಕ್ಷಿಯೂ ಈ ಕೆಲಸಕ್ಕೆ ಒದಗುವುದಿಲ್ಲ. ಪಿಪಿಆರ್‌ಗೆ ಲಸಿಕೆ ಹಾಕಿಸಿ. ತಳಿ ಆಯ್ಕೆಯ ಶ್ರಮವನ್ನು ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿ ಬಂದು ಹೋದ ಜಂತುಹುಳುವಿನ ಮೇಲೆ ಹಾಕಿ. ಇದಕ್ಕೆ ಕಾರಣಗಳನ್ನು ವಿವರವಾಗಿಯೇ ಹೇಳಬೇಕಾಗುತ್ತದೆ.

ಮೊದಲು ಆ 11 ಕುರಿಗಳ ವಿಚಾರ. ಅವು ಉಳಿದದ್ದಕ್ಕೆ ವಂಶಗುಣ ಒಂದು ಕಾರಣವಾಗಿರಬಹುದು, ಆದರೆ ಬೇರೆ ಕಾರಣಗಳೂ ಅಷ್ಟೇ ಬಲವಾಗಿವೆ. ಎಂದೋ ಲಸಿಕೆ ಬಿದ್ದಿರಬಹುದು. ನಿಮ್ಮ ಹಿಂಡಿಗೆ ಸೇರುವ ಮೊದಲೇ ಈ ರೋಗ ಬಂದು ಹೋಗಿರಬಹುದು. ಪಿಪಿಆರ್‌ನಿಂದ ಒಮ್ಮೆ ಚೇತರಿಸಿಕೊಂಡ ಕುರಿಗೆ ಆ ರೋಗ ಮತ್ತೆ ಬರುವುದಿಲ್ಲ. ಎಳೆಯ ಮರಿಗಳಾಗಿದ್ದರೆ ತಾಯಿಯ ಗಿಣ್ಣುಹಾಲಿನಲ್ಲಿ ಬಂದ ಪ್ರತಿಕಾಯಗಳು ಕಾದಿರಬಹುದು. ಇಲ್ಲವೇ ಬೇರೆ ಮೂಲೆಯಲ್ಲಿ ಮೇಯುತ್ತ, ಬೇರೆ ತೊಟ್ಟಿಯಲ್ಲಿ ನೀರು ಕುಡಿಯುತ್ತ ಇದ್ದುದರಿಂದ ವೈರಸ್ ಅವುಗಳ ಮೂಗಿನವರೆಗೆ ಬಂದೇ ಇಲ್ಲದಿರಬಹುದು. ಲಸಿಕೆಯಿಂದಲೋ ಹಳೆಯ ಕಾಯಿಲೆಯಿಂದಲೋ ಬಂದ ರಕ್ಷಣೆ ಆ ಕುರಿಯ ರಕ್ತದಲ್ಲಿರುತ್ತದೆ. ಟಗರಿನ ವೀರ್ಯದಲ್ಲಿ ಅದು ದಾಟುವುದಿಲ್ಲ.

ಒಂದು ಲೆಕ್ಕ ನೋಡಿ. 100 ಕುರಿಗಳ ಹಿಂಡಿಗೆ ರೋಗ ಬಂತೆಂದುಕೊಳ್ಳೋಣ. ವೈರಸ್ ನಿಜವಾಗಿ ತಲುಪಿದ್ದು 50ಕ್ಕೆ. ಅವುಗಳಲ್ಲಿ 40 ಕಾಯಿಲೆ ಬಿದ್ದವು, 10 ತಡೆದುಕೊಂಡವು. ಹೊರಗಿನಿಂದ ನೋಡುವವನಿಗೆ ಕಾಣುವುದು ಆರೋಗ್ಯವಾಗಿರುವ 60 ಕುರಿಗಳು. ಪರೀಕ್ಷೆ ಎದುರಿಸಿ ಗೆದ್ದವು 10, ಪರೀಕ್ಷೆಗೇ ಕೂರದವು 50. ಕಣ್ಣಿಗೆ ಎರಡೂ ಒಂದೇ. ಈ 60ರಿಂದ ಕಣ್ಣುಮುಚ್ಚಿ ಟಗರನ್ನು ಆರಿಸಿದರೆ ಆರು ಸಲದಲ್ಲಿ ಐದು ಸಲ ಪರೀಕ್ಷೆಗೆ ಕೂರದ ಟಗರೇ ಸಿಗುತ್ತದೆ. ಎಡಿನ್‌ಬರೋ ಬಳಿಯ ರೋಸ್ಲಿನ್ ಸಂಸ್ಥೆಯ ಸ್ಟೀವ್ ಬಿಷಪ್ ಮತ್ತು ಜಾನ್ ವೂಲಿಯಮ್ಸ್ 2010ರಲ್ಲಿ ಇದನ್ನೇ ಗಣಿತದಲ್ಲಿ ತೋರಿಸಿದರು. ಎಲ್ಲ ಪ್ರಾಣಿಗಳಿಗೂ ರೋಗಾಣು ತಲುಪದಿದ್ದಾಗ, ರೋಗಪತ್ತೆಯೂ ಪೂರ್ತಿ ಖಚಿತವಲ್ಲದಿದ್ದಾಗ, ವಂಶಗುಣದ ಪಾಲು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಅಂದರೆ ಈ ಗುಣ ಹಿಂಡಿನಲ್ಲಿ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚೇ ಇದೆ. ಅದನ್ನು ಗುರುತಿಸುವುದು ಮಾತ್ರ ಕಷ್ಟ. ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ಹೆಚ್ಚು ಹೊತ್ತು ಕಳೆದದ್ದು ಜೀನುಗಳ ಜೊತೆಗಲ್ಲ, ಯಾವ ಪ್ರಾಣಿಗೆ ನಿಜಕ್ಕೂ ಸೋಂಕು ತಗುಲಿತ್ತು ಎಂಬ ಈ ಪ್ರಶ್ನೆಯ ಜೊತೆಗೆ.

ಹಾಗಾದರೆ ವಂಶಗುಣದ ಬಲ ಎಷ್ಟು? ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಉತ್ತರ ಸಾಕುಪ್ರಾಣಿಗಳಿಂದ ಬಂದದ್ದಲ್ಲ, ಆಸ್ಟ್ರೇಲಿಯದ ಕಾಡುಮೊಲಗಳಿಂದ ಬಂದದ್ದು. ಹೊರಗಿನಿಂದ ತಂದುಬಿಟ್ಟ ಮೊಲಗಳು ಅಲ್ಲಿ ಹುಲ್ಲುಗಾವಲನ್ನೆಲ್ಲ ತಿಂದುಹಾಕುತ್ತಿದ್ದವು. ಅವುಗಳನ್ನು ಕೊಲ್ಲಲೆಂದು 1950ರಲ್ಲಿ ಮಿಕ್ಸೋಮಾ ವೈರಸ್ಸನ್ನು ಹರಡಿದರು. ಮೊದಲ ಅಲೆಯಲ್ಲಿ ಸೋಂಕು ತಗುಲಿದ ಮೊಲಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಸತ್ತವು. ವೈರಸ್ ತಜ್ಞ ಫ್ರಾಂಕ್ ಫೆನ್ನರ್ ಮತ್ತು ಅವರ ಜೊತೆಗಾರರು ಒಂದು ಒಳ್ಳೆಯ ಕೆಲಸ ಮಾಡಿದರು. ಒಂದೇ ಬಗೆಯ, ಅಷ್ಟೇನೂ ಉಗ್ರವಲ್ಲದ ವೈರಸ್ಸನ್ನು ಪ್ರಯೋಗಾಲಯದಲ್ಲಿ ಕಾಪಿಟ್ಟುಕೊಂಡು, ಪ್ರತಿ ಅಲೆಯ ನಂತರ ಹುಟ್ಟಿದ ಎಳೆಯ ಮೊಲಗಳನ್ನು ಹಿಡಿದು ತಂದು ಅದರಿಂದಲೇ ಪರೀಕ್ಷಿಸಿದರು. ಆರಂಭದಲ್ಲಿ ಆ ವೈರಸ್ ನೂರಕ್ಕೆ ಸುಮಾರು 90 ಮೊಲಗಳನ್ನು ಕೊಲ್ಲುತ್ತಿತ್ತು. ಏಳು ಅಲೆಗಳನ್ನು ದಾಟಿ ಬಂದ ಮೊಲಗಳ ಸಂತತಿಯಲ್ಲಿ ಅದು ಕೊಂದದ್ದು ನೂರಕ್ಕೆ ಸುಮಾರು 25. ಇಲ್ಲಿ ಪರೀಕ್ಷೆ ಎಲ್ಲಕ್ಕೂ ಒಂದೇ, ಪ್ರಮಾಣವೂ ಒಂದೇ, ಮೊದಲೇ ರೋಗ ಬಂದಿರಲಿಲ್ಲ ಎಂಬುದೂ ಖಾತ್ರಿ. ಆದ್ದರಿಂದ ಈ ವ್ಯತ್ಯಾಸ ವಂಶಗುಣದ್ದೇ ಎಂದು ನಂಬಬಹುದು.

ಆದರೆ ಪ್ರಕೃತಿ ಇದಕ್ಕೆ ತೆತ್ತ ಬೆಲೆಯನ್ನೂ ನೋಡಿ. ನೂರರಲ್ಲಿ 99ನ್ನು ಕೊಂದು ಒಂದನ್ನು ಉಳಿಸಿಕೊಳ್ಳುವ ಆಯ್ಕೆ ಅದು. ಯಾವ ಸಾಕಣೆಗಾರನೂ ಅದನ್ನು ತಾಳಲಾರ. ಕಥೆ ಅಲ್ಲಿಗೇ ನಿಲ್ಲಲೂ ಇಲ್ಲ. ಮೊಲ ಗಟ್ಟಿಯಾದಂತೆ ವೈರಸ್ಸೂ ಬದಲಾಗುತ್ತ ಹೋಯಿತು, ಮುಂದಿನ ದಶಕಗಳಲ್ಲಿ ಮೊಲದ ರಕ್ಷಣಾ ವ್ಯವಸ್ಥೆಯನ್ನೇ ಕುಗ್ಗಿಸುವ ಬಗೆಗಳು ಕಾಣಿಸಿಕೊಂಡವು.

ಇನ್ನು ಒಂದು ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ರೋಗಾಣುವನ್ನು ಮೈಯೊಳಗೆ ಬೆಳೆಯಗೊಡದಿರುವುದು ಒಂದು ಗುಣ, ಅದನ್ನು ನಿರೋಧ ಎನ್ನೋಣ. ರೋಗಾಣು ಬೆಳೆದರೂ ಕುಗ್ಗದೆ ಮೇಯುತ್ತ, ಹಾಲು ಕೊಡುತ್ತ ಇರುವುದು ಇನ್ನೊಂದು, ಅದು ತಾಳಿಕೆ. ಪಶ್ಚಿಮ ಆಫ್ರಿಕಾದ ಎನ್‌ಡಾಮಾ ದನಗಳು ತ್ಸೆತ್ಸೆ ನೊಣ ಹರಡುವ ಟ್ರಿಪನೋಸೋಮ್ ಎಂಬ ರಕ್ತದ ಪರಾವಲಂಬಿಯ ರೋಗದ ನಡುವೆಯೇ ಸಾವಿರಾರು ವರ್ಷಗಳಿಂದ ಬಾಳುತ್ತ ಬಂದಿವೆ. ಅದೇ ನೆಲಕ್ಕೆ ಬೇರೆ ತಳಿಯ ದನ ತಂದರೆ ರಕ್ತಹೀನತೆಯಿಂದ ಸೊರಗಿ ಸಾಯುತ್ತದೆ. ಎನ್‌ಡಾಮಾಗಳ ರಕ್ತದಲ್ಲಿ ಪರಾವಲಂಬಿಗಳ ಸಂಖ್ಯೆಯೂ ಕಡಿಮೆ ಇರುತ್ತದೆ, ಪರಾವಲಂಬಿ ಇದ್ದಾಗಲೂ ಅವುಗಳ ರಕ್ತ ಅಷ್ಟಾಗಿ ತೆಳುವಾಗುವುದಿಲ್ಲ. ಈ ಎರಡು ಗುಣಗಳ ಬೇರುಗಳು ಬೇರೆಬೇರೆ ಎಂದು ಸಂಶೋಧನೆ ತೋರಿಸಿದೆ. ಸಾಕಣೆಗಾರನ ಕಣ್ಣಿಗೆ ಎರಡೂ ‘ಗಟ್ಟಿ ದನ’ವೇ. ಹಿಂಡಿನ ದೃಷ್ಟಿಯಿಂದ ಹಾಗಲ್ಲ. ಬರೀ ತಾಳಿಕೆಯುಳ್ಳ ಪ್ರಾಣಿ ತಾನು ಚೆನ್ನಾಗಿದ್ದುಕೊಂಡೇ ರೋಗಾಣುವನ್ನು ಸುತ್ತ ಹರಡುತ್ತಿರುತ್ತದೆ. ಮನುಷ್ಯರಿಗೂ ಅಂಟುವ ಕ್ಷಯ, ಬ್ರುಸೆಲ್ಲಾದಂತಹ ರೋಗಗಳಲ್ಲಿ ತಾಳಿಕೆಗಾಗಿ ತಳಿ ಬೆಳೆಸುವುದು ಅಪಾಯವನ್ನು ಕೊಟ್ಟಿಗೆಯೊಳಗೆ ಬಚ್ಚಿಟ್ಟಂತೆ. ನಿಮ್ಮ 11 ಕುರಿಗಳು ಯಾವ ಗುಂಪಿನವು? ಮೂಗು ಸೋರಲಿಲ್ಲ ಎಂಬ ಒಂದೇ ಸಾಕ್ಷಿಯಿಂದ ಅದು ತಿಳಿಯುವುದಿಲ್ಲ.

ಈಗ ಲಸಿಕೆಯ ಮಾತಿಗೆ ಬರುತ್ತೇನೆ. ಪಿಪಿಆರ್ ಲಸಿಕೆ ಒಂದು ಸಲ ಹಾಕಿದರೆ ಕನಿಷ್ಠ ಮೂರು ವರ್ಷ ಕಾಯುತ್ತದೆ. ಇಷ್ಟು ಒಳ್ಳೆಯ ಅಸ್ತ್ರ ಕೈಯಲ್ಲಿರುವಾಗ ಅದೇ ರೋಗಕ್ಕಾಗಿ ಹತ್ತಾರು ವರ್ಷ ತಳಿ ಆಯ್ಕೆ ಮಾಡುವುದು ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ. ಪಿಪಿಆರ್‌ನ ಅಣ್ಣನಂತಿದ್ದ ವೈರಸ್ ರಿಂಡರ್‌ಪೆಸ್ಟ್‌ನದು, ಹಳಬರು ದೊಡ್ಡರೋಗ ಎನ್ನುತ್ತಿದ್ದುದು ಅದನ್ನೇ. ಅದು ಭೂಮಿಯಿಂದ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಅದನ್ನು ಅಳಿಸಿದ್ದು ಲಸಿಕೆ ಮತ್ತು ಕಟ್ಟೆಚ್ಚರದ ಪತ್ತೆ, ತಳಿಯಲ್ಲ. ಎಂದೋ ಒಮ್ಮೆ ಬಂದು ಬಡಿದು ಹೋಗುವ ರೋಗಕ್ಕೆ ತಳಿ ಆಯ್ಕೆ ಹೊಂದುವುದೂ ಇಲ್ಲ, ಏಕೆಂದರೆ ನಡುವಿನ ವರ್ಷಗಳಲ್ಲಿ ಅಳೆಯುವುದಕ್ಕೆ ಏನೂ ಇರುವುದಿಲ್ಲ. ತಳಿ ಆಯ್ಕೆ ಫಲ ಕೊಡುವುದು ಪ್ರತಿ ವರ್ಷ, ಪ್ರತಿ ಪ್ರಾಣಿಗೂ ತಗುಲುವ, ಸಂಖ್ಯೆಯಲ್ಲಿ ಅಳೆಯಬಹುದಾದ, ಔಷಧಿಗೆ ಬಗ್ಗದಾಗುತ್ತಿರುವ ರೋಗದಲ್ಲಿ. ಕುರಿಗಳ ಜಠರದ ಜಂತುಹುಳು ಈ ನಾಲ್ಕಕ್ಕೂ ಸರಿಹೊಂದುತ್ತದೆ.

ಹೀಮಾಂಕಸ್ ಎಂಬ ರಕ್ತ ಹೀರುವ ಹುಳುವನ್ನೇ ತೆಗೆದುಕೊಳ್ಳಿ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ಲೀಟರ್ ರಕ್ತವನ್ನು ಕಳೆಯುತ್ತದೆ. ಸಾವಿರ ಹುಳು ಸೇರಿದರೆ ದಿನಕ್ಕೆ 50 ಮಿಲಿ ಲೀಟರ್. ಒಂದು ಹೆಣ್ಣುಹುಳು ದಿನಕ್ಕೆ 5000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಇಷ್ಟು ಸಂತಾನವಿರುವ ಜೀವಿ ಔಷಧಿಗೆ ಒಗ್ಗಿಕೊಳ್ಳಲು ಹೆಚ್ಚು ಕಾಲ ಬೇಕಿಲ್ಲ. ಥಯಾಬೆಂಡಜೋಲ್ ಎಂಬ ಔಷಧಿ 1961ರಲ್ಲಿ ಮಾರುಕಟ್ಟೆಗೆ ಬಂತು, 1964ರ ಹೊತ್ತಿಗೇ ಅದಕ್ಕೆ ಬಗ್ಗದ ಹುಳುಗಳ ವರದಿ ಬಂತು. ಆಮೇಲೆ ಬಂದ ಲೆವಮಿಸೋಲ್, ಐವರ್ಮೆಕ್ಟಿನ್‌ಗಳ ಗತಿಯೂ ಅದೇ. ನಿಮ್ಮ ಔಷಧಿ ಕೆಲಸ ಮಾಡದಿರುವುದಕ್ಕೆ ಬಹುಪಾಲು ಇದೇ ಕಾರಣ. ಔಷಧಿ ಕುಡಿಸುವ ಮೊದಲು ಮತ್ತು ಕುಡಿಸಿದ ಎರಡು ವಾರಕ್ಕೆ ಹಿಕ್ಕೆಯಲ್ಲಿ ಮೊಟ್ಟೆ ಎಣಿಸಿದರೆ ಅದು ಖಚಿತವಾಗಿ ತಿಳಿಯುತ್ತದೆ.

ಆ ಮೊಟ್ಟೆಯ ಎಣಿಕೆಯೇ ತಳಿ ಆಯ್ಕೆಗೂ ಅಳತೆಗೋಲು. ಒಂದೇ ಹುಲ್ಲುಗಾವಲಿನಲ್ಲಿ ಮೇಯ್ದ, ಒಂದೇ ವಯಸ್ಸಿನ ಮರಿಗಳ ಹಿಕ್ಕೆ ತಂದು ಎಣಿಸಿದಾಗ ಕೆಲವು ಮರಿಗಳಲ್ಲಿ ಗ್ರಾಂಗೆ 200 ಮೊಟ್ಟೆ, ಪಕ್ಕದ ಮರಿಯಲ್ಲಿ 4000 ಕಂಡರೆ ಆಶ್ಚರ್ಯಪಡಬೇಕಿಲ್ಲ. ಈ ಏರುಪೇರಿನಲ್ಲಿ ವಂಶಗುಣದ ಪಾಲು ಸಾಮಾನ್ಯವಾಗಿ 0.2ರಿಂದ 0.4ರಷ್ಟು ಎಂದು ಅನೇಕ ದೇಶಗಳ, ಅನೇಕ ತಳಿಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಉಳಿದದ್ದು ಮೇವು, ವಯಸ್ಸು, ಅದೃಷ್ಟ. ಈ 0.3 ಎಂಬಂತಹ ಅಂಕಿಯನ್ನು ಅನುವಂಶೀಯತೆ ಎನ್ನುತ್ತಾರೆ. ಅದರ ಅರ್ಥ ತಿಳಿದುಕೊಂಡರೆ ಆಸೆಗೂ ನಿರಾಸೆಗೂ ಸರಿಯಾದ ಅಳತೆ ಸಿಗುತ್ತದೆ. ಹಿಂಡಿನ ಸರಾಸರಿ ಎಣಿಕೆ 1000, ನೀವು ಆರಿಸಿದ ಟಗರಿನದು 400 ಎಂದುಕೊಳ್ಳಿ. ಅದು ಸರಾಸರಿಗಿಂತ 600 ಕಡಿಮೆ. ಆ 600ರಲ್ಲಿ ವಂಶದ್ದೆಂದು ನಿರೀಕ್ಷಿಸಬಹುದಾದದ್ದು 0.3ರ ಪಾಲು, ಅಂದರೆ 180. ಮರಿಗೆ ತಂದೆಯಿಂದ ಅರ್ಧವಷ್ಟೇ ಬರುವುದರಿಂದ 90. ತಾಯಂದಿರು ಸಾಧಾರಣ ಕುರಿಗಳಾಗಿದ್ದರೆ ಮರಿಗಳ ಸರಾಸರಿ 910ಕ್ಕೆ ಇಳಿಯುತ್ತದೆ. ಮೊದಲ ಸಲ ಈ ಲೆಕ್ಕ ಕೇಳಿದವರು ಇಷ್ಟೇನೇ ಎನ್ನುತ್ತಾರೆ. ಇಷ್ಟೇ, ಆದರೆ ಇದು ಔಷಧಿಯಂತೆ ಮೂರು ವಾರದಲ್ಲಿ ಕರಗಿ ಹೋಗುವುದಿಲ್ಲ. ಮುಂದಿನ ಟಗರು ಇದರ ಮೇಲೆ ಇನ್ನಷ್ಟು ಸೇರಿಸುತ್ತದೆ, ಹೆಣ್ಣುಮರಿಗಳನ್ನೂ ಆರಿಸಿದರೆ ವೇಗ ಹೆಚ್ಚುತ್ತದೆ.

ಆಸ್ಟ್ರೇಲಿಯದ ಆರ್ಮಿಡೇಲ್‌ನಲ್ಲಿ 1970ರ ದಶಕದ ಕೊನೆಯಿಂದ ಮೆರಿನೋ ಕುರಿಗಳನ್ನು ಹೀಗೆ ಎರಡು ದಿಕ್ಕಿಗೆ ಬೆಳೆಸಿದರು. ಒಂದು ಕಡೆ ಕಡಿಮೆ ಎಣಿಕೆಯವು, ಇನ್ನೊಂದು ಕಡೆ ಹೆಚ್ಚು ಎಣಿಕೆಯವು. ತಲೆಮಾರುಗಳು ಕಳೆದಂತೆ ಎರಡರ ನಡುವಿನ ಅಂತರ ದೊಡ್ಡದಾಗುತ್ತಲೇ ಹೋಯಿತು. ಮನುಷ್ಯರು ಯೋಜನೆ ಹಾಕದೆಯೇ ಹೀಗೆ ರೂಪುಗೊಂಡ ತಳಿಗಳೂ ಇವೆ. ಕೀನ್ಯಾದ ತೇವದ ಕರಾವಳಿಯಲ್ಲಿ ರೆಡ್ ಮಸಾಯಿ ಕುರಿಗಳನ್ನೂ ದಪ್ಪ ಮೈಯ ಡೋರ್ಪರ್ ಕುರಿಗಳನ್ನೂ ಒಟ್ಟಿಗೆ ಮೇಯಿಸಿ ನೋಡಿದಾಗ ರೆಡ್ ಮಸಾಯಿಗಳಲ್ಲಿ ಮೊಟ್ಟೆಯೂ ಕಡಿಮೆ, ಸಾವೂ ಕಡಿಮೆ. ಡೋರ್ಪರ್ ಮರಿ ಹೆಚ್ಚು ತೂಗುತ್ತದೆ ನಿಜ, ಬದುಕಿ ಉಳಿದರೆ. ಸುಂದರಬನದ ಜವುಗಿನಲ್ಲಿ ಮೇಯುವ ಪುಟ್ಟ ಗರೋಲ್ ಕುರಿಗೂ ಹೀಮಾಂಕಸ್ ಎದುರಿಸುವ ಶಕ್ತಿ ಇದೆ. ತೂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಇಂತಹ ತಳಿಗಳನ್ನು ಕಲಬೆರಕೆ ಮಾಡಿ ಕಳೆದುಕೊಳ್ಳುವುದು ನನಗೆ ತುಂಬ ನೋವು ತರುವ ಸಂಗತಿ. ಸಾವಿರಾರು ತಲೆಮಾರುಗಳ ಸಾವು ಸೋಸಿ ಉಳಿಸಿದ್ದನ್ನು ಹತ್ತು ವರ್ಷಗಳಲ್ಲಿ ಚೆಲ್ಲಿಬಿಡುತ್ತೇವೆ.

ಹುಳು ಔಷಧಿಗೆ ಒಗ್ಗಿದಂತೆ ಗಟ್ಟಿ ಕುರಿಗೂ ಒಗ್ಗಿಬಿಡುವುದಿಲ್ಲವೇ ಎಂದು ನೀವು ಕೇಳಬಹುದು. ಅಷ್ಟು ಸುಲಭವಾಗಿ ಇಲ್ಲ. ಔಷಧಿ ಸಾಮಾನ್ಯವಾಗಿ ಹುಳುವಿನ ಒಂದೇ ಮರ್ಮಕ್ಕೆ ಹೊಡೆಯುತ್ತದೆ, ಅಲ್ಲಿ ಒಂದು ಬದಲಾವಣೆಯಾದರೆ ಹುಳು ಪಾರು. ಕುರಿಯ ನಿರೋಧದಲ್ಲಿ ನೂರಾರು ಜೀನುಗಳ ಸಣ್ಣ ಸಣ್ಣ ಪಾಲಿದೆ. ಮರಿಹುಳು ಜಠರದಲ್ಲಿ ನೆಲೆಯೂರದಂತೆ ಲೋಳೆ ಸುರಿಸುವುದು, ಪ್ರತಿಕಾಯಗಳಿಂದ ಕಟ್ಟಿಹಾಕುವುದು, ನೆಲೆಯೂರಿದ ಹುಳುವಿನ ಬೆಳವಣಿಗೆ ಕುಂಠಿಸಿ ಮೊಟ್ಟೆ ಕಡಿಮೆ ಮಾಡುವುದು, ಇವೆಲ್ಲ ಒಟ್ಟಿಗೆ ನಡೆಯುತ್ತವೆ. ಎಲ್ಲವನ್ನೂ ಒಮ್ಮೆಲೇ ತಪ್ಪಿಸಿಕೊಳ್ಳುವುದು ಹುಳುವಿಗೆ ಕಷ್ಟ.

ಒಂದೇ ಜೀನಿನಿಂದ ಬರುವ ನಿರೋಧವೂ ಇದೆ. ಅದರ ಬೆಳಕು ಕಣ್ಣು ಕೋರೈಸುತ್ತದೆ. ಅಟ್ಲಾಂಟಿಕ್ ಸಾಲ್ಮನ್ ಮೀನಿನ ಮರಿಗಳನ್ನು ಕೊಲ್ಲುವ ಐಪಿಎನ್ ವೈರಸ್ ವಿಷಯದಲ್ಲಿ ಸ್ಕಾಟ್ಲೆಂಡ್ ಮತ್ತು ನಾರ್ವೆಯ ಸಂಶೋಧಕರು 2008ರ ಆಸುಪಾಸಿನಲ್ಲಿ ಬೇರೆಬೇರೆಯಾಗಿ ಒಂದೇ ಜಾಗಕ್ಕೆ ಬಂದು ನಿಂತರು. ವಂಶದಿಂದ ಬರುವ ವ್ಯತ್ಯಾಸದ ಬಹುಪಾಲು ಒಂದು ವರ್ಣತಂತುವಿನ ಒಂದೇ ತುಣುಕಿನಲ್ಲಿತ್ತು. ಆ ತುಣುಕಿರುವ ಮೀನುಗಳನ್ನು ಆಯ್ದು ಮೊಟ್ಟೆ ಪಡೆಯತೊಡಗಿದ ಮೇಲೆ ನಾರ್ವೆಯಲ್ಲಿ ಆ ರೋಗದ ಹಾವಳಿ ತೀವ್ರವಾಗಿ ಇಳಿಯಿತು. ಕುರಿಗಳ ಮಿದುಳನ್ನು ಕೆಡಿಸಿ ಕೊಲ್ಲುವ ಸ್ಕ್ರೇಪಿ ರೋಗದಲ್ಲೂ ಹೀಗೆಯೇ. ಈ ರೋಗದಲ್ಲಿ ಕೆಡುವ ಪ್ರಿಯಾನ್ ಎಂಬ ಪ್ರೋಟೀನಿನ ಜೀನಿನ 136, 154, 171ನೆಯ ಸ್ಥಾನಗಳಲ್ಲಿ ಎಆರ್‌ಆರ್ ಎಂಬ ರೂಪ ತಂದೆತಾಯಿ ಇಬ್ಬರಿಂದಲೂ ಬಂದಿದ್ದರೆ ಆ ಕುರಿಗೆ ಸಾಂಪ್ರದಾಯಿಕ ಸ್ಕ್ರೇಪಿ ಬರುವುದು ತೀರಾ ಅಪರೂಪ. ವಿಆರ್‌ಕ್ಯೂ ರೂಪವಿದ್ದರೆ ಅಪಾಯ ಎಲ್ಲಕ್ಕಿಂತ ಹೆಚ್ಚು. ಬ್ರಿಟನ್ 2001ರಲ್ಲಿ ಟಗರುಗಳ ರಕ್ತ ಪರೀಕ್ಷಿಸಿ ಆಯ್ದುಕೊಳ್ಳುವ ರಾಷ್ಟ್ರೀಯ ಯೋಜನೆಯನ್ನೇ ಶುರುಮಾಡಿತು. ಆದರೆ 1998ರಲ್ಲಿ ನಾರ್ವೆಯಲ್ಲಿ ಪತ್ತೆಯಾದ ಇನ್ನೊಂದು ಬಗೆಯ ಸ್ಕ್ರೇಪಿ ಎಆರ್‌ಆರ್ ಕುರಿಗಳಲ್ಲೂ ಕಾಣಿಸಿಕೊಳ್ಳುತ್ತದೆ. ಒಂದು ಬಾಗಿಲಿಗೆ ಬೀಗ ಹಾಕಿದರೆ ಆ ಬಾಗಿಲಷ್ಟೇ ಭದ್ರ.

ಒಂದೇ ಜೀನಿನ ಗೆಲುವು ಎಲ್ಲಿ ಎಡವುತ್ತದೆ ಎಂಬುದಕ್ಕೆ ಹಂದಿಮರಿಗಳ ಭೇದಿಯ ಕಥೆ ಹೇಳಲೇಬೇಕು, ತಾಯಿಯ ಪಾತ್ರ ಇದರಲ್ಲಿದೆ. ಎಫ್-4 ಎಂಬ ಎಳೆಗಳುಳ್ಳ ಇ. ಕೋಲಿ ಬ್ಯಾಕ್ಟೀರಿಯ ಮರಿಯ ಕರುಳಿಗೆ ಅಂಟಿಕೊಂಡು ಭೇದಿ ತರುತ್ತದೆ. ಕೆಲವು ಹಂದಿಗಳ ಕರುಳಿನಲ್ಲಿ ಅದು ಅಂಟಿಕೊಳ್ಳುವ ಕೊಂಡಿಯೇ ಇರುವುದಿಲ್ಲ, ಅವು ನಿರೋಧಿಗಳು. ಕೊಂಡಿ ಇರುವ ಗುಣ ಪ್ರಬಲ, ಇಲ್ಲದಿರುವ ಗುಣ ಅಪ್ರಬಲ. ಈಗ ನಿರೋಧಿ ತಾಯಿಗೆ ಕೊಂಡಿಯುಳ್ಳ ಗಂಡಿನಿಂದ ಮರಿಗಳಾದವು ಎನ್ನಿ. ಮರಿಗಳಿಗೆ ತಂದೆಯಿಂದ ಕೊಂಡಿ ಬಂತು. ತಾಯಿಯ ಕರುಳಿನಲ್ಲಿ ಆ ಬ್ಯಾಕ್ಟೀರಿಯ ಎಂದೂ ಬೇರೂರದ ಕಾರಣ ಅವಳ ಗಿಣ್ಣುಹಾಲಿನಲ್ಲಿ ಅದರ ವಿರುದ್ಧದ ಪ್ರತಿಕಾಯವಿಲ್ಲ. ಎಲ್ಲರಿಗಿಂತ ಗಟ್ಟಿಯಾದ ತಾಯಿಯ ಮರಿಗಳೇ ಎಲ್ಲರಿಗಿಂತ ಹೆಚ್ಚು ಸಾಯುತ್ತವೆ. ಒಂದು ಪ್ರಾಣಿಯ ಆರೋಗ್ಯ ನೋಡಿ ಹಿಂಡಿನ ಭವಿಷ್ಯ ಹೇಳಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅನುವಂಶೀಯತೆ ತೀರ ಕಡಿಮೆ ಇದ್ದರೆ ಕೈಚೆಲ್ಲಬೇಕೇ? ಹಸುಗಳ ಕೆಚ್ಚಲು ಬಾವನ್ನು ನೋಡಿ. ಹಸುವಿಗೆ ಬಾವು ಬಂತೇ ಇಲ್ಲವೇ ಎಂಬ ದಾಖಲೆಯಲ್ಲಿ ವಂಶಗುಣದ ಪಾಲು ಸುಮಾರು 0.03 ಮಾತ್ರ. ಮೇಲಾಗಿ ಹೆಚ್ಚು ಹಾಲಿಗೂ ಹೆಚ್ಚು ಬಾವಿಗೂ ವಂಶದಲ್ಲೇ ನಂಟಿದೆ. ಬರೀ ಹಾಲು ನೋಡಿ ಹೋರಿ ಆರಿಸುತ್ತ ಹೋದರೆ ಬಾವು ತಾನಾಗಿ ಹೆಚ್ಚುತ್ತದೆ. ನಾರ್ವೆಯವರು 1975ರಿಂದ ಪ್ರತಿ ಹಸುವಿನ ಚಿಕಿತ್ಸೆಯನ್ನೂ ಆರೋಗ್ಯ ಚೀಟಿಯಲ್ಲಿ ಬರೆದಿಡತೊಡಗಿದರು, 1978ರಲ್ಲಿ ಕೆಚ್ಚಲು ಬಾವನ್ನು ಹೋರಿ ಆಯ್ಕೆಯ ಲೆಕ್ಕಕ್ಕೆ ಸೇರಿಸಿದರು. ಒಂದು ಹೋರಿಗೆ 10 ಹೆಣ್ಣುಸಂತತಿ ಇದ್ದರೆ 0.03ರ ಗುಣದಲ್ಲಿ ಅದರ ಮೌಲ್ಯಮಾಪನದ ನಿಖರತೆ ಸುಮಾರು 0.27 (1 ಎಂದರೆ ಪೂರ್ಣ ನಿಖರ), ಕತ್ತಲಲ್ಲಿ ತಡಕಾಡಿದಂತೆ. ಅದೇ 250 ಹೆಣ್ಣುಸಂತತಿ ಇದ್ದರೆ 0.81. ಗುಣದ ಅನುವಂಶೀಯತೆ ಬದಲಾಗಲಿಲ್ಲ, ದಾಖಲೆ ಹೆಚ್ಚಾಯಿತು, ಅಷ್ಟೇ. ನಾರ್ವೇಜಿಯನ್ ರೆಡ್ ತಳಿಯಲ್ಲಿ ಬಾವಿನ ಪ್ರವೃತ್ತಿ ವಂಶದಲ್ಲೇ ಇಳಿಯುತ್ತ ಬಂದದ್ದು ಈ ಚೀಟಿಗಳ ಬಲದಿಂದ. ಬ್ರಿಟನ್ 2016ರಲ್ಲಿ ದನಗಳ ಕ್ಷಯ ನಿರೋಧಕ್ಕೆ ಹೋರಿಗಳ ಅಂಕ ಪ್ರಕಟಿಸಲು ಶುರುಮಾಡಿದ್ದೂ ಹೀಗೆಯೇ, ಕಾಯಿದೆಗಾಗಿ ನಡೆಯುತ್ತಿದ್ದ ಕ್ಷಯ ಪರೀಕ್ಷೆಗಳ ದಾಖಲೆ ಮೊದಲೇ ಇತ್ತು. ಡಿಎನ್‌ಎ ನೋಡಿ ಎಳೆಯ ಪ್ರಾಣಿಯ ಮೌಲ್ಯ ಹೇಳುವ ಜೀನೋಮಿಕ್ ಆಯ್ಕೆಯ ವಿಧಾನವನ್ನು ಮ್ಯೂವಿಸೆನ್, ಹೇಯ್ಸ್, ಗೊಡ್ಡಾರ್ಡ್ ಎಂಬ ಸಂಶೋಧಕರು 2001ರಲ್ಲಿ ಮುಂದಿಟ್ಟರು. ಅದಕ್ಕೂ ಹಿಂದೆ ಇಂತಹ ದಾಖಲೆಗಳ ರಾಶಿ ಬೇಕೇ ಬೇಕು.

ಎಲ್ಲ ರೋಗಕ್ಕೂ ಗಟ್ಟಿಯಾದ ಪ್ರಾಣಿ ಎಂಬುದನ್ನು ಮಾತ್ರ ನಂಬಬೇಡಿ. ಗಿಡೊ ಬಿಯೊಝಿ ಎಂಬ ವಿಜ್ಞಾನಿ ಇಲಿಗಳನ್ನು ಹೆಚ್ಚು ಪ್ರತಿಕಾಯ ತಯಾರಿಸುವವು, ಕಡಿಮೆ ತಯಾರಿಸುವವು ಎಂದು ಎರಡು ಸಾಲುಗಳಾಗಿ ಬೆಳೆಸಿದರು. ಪ್ರತಿಕಾಯ ಹೆಚ್ಚಿದ್ದವು ಕೆಲವು ರೋಗಗಳನ್ನು ಸುಲಭವಾಗಿ ಗೆದ್ದವು, ಆದರೆ ಜೀವಕೋಶದೊಳಗೆ ಅಡಗಿ ಬೆಳೆಯುವ ಸಾಲ್ಮೊನೆಲ್ಲಾದಂತಹ ರೋಗಾಣುಗಳೆದುರು ಅವೇ ಸೋತವು. ಕೆನಡಾದ ಗ್ವೆಲ್ಫ್‌ನಲ್ಲಿ ಎಲ್ಲ ಬಗೆಯ ರೋಗರಕ್ಷಣೆಯೂ ಚುರುಕಾಗಿರುವ ಹಂದಿಗಳನ್ನು ಆಯ್ದು ಬೆಳೆಸಿದಾಗ ಅವು ಚೆನ್ನಾಗಿ ಬೆಳೆದವು. ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯದ ಒಂದು ಬಗೆಯ ಸೋಂಕು ಕೊಟ್ಟಾಗ ಮಾತ್ರ ಅವುಗಳ ಕೀಲುಗಳೇ ಹೆಚ್ಚು ಊದಿಕೊಂಡವು. ಜಂತುಹುಳುವಿನಲ್ಲೂ ಇದರ ನೆರಳಿದೆ: ನಿರೋಧಕ್ಕಾಗಿ ಬೆಳೆಸಿದ ಮೆರಿನೋಗಳಲ್ಲಿ ಕೆಲವು, ಹುಳು ಕಡಿಮೆ ಇದ್ದರೂ, ಮರಿಹುಳು ಒಳಹೊಕ್ಕಾಗ ಕರುಳು ಅತಿಯಾಗಿ ಕೆರಳಿ ಭೇದಿ ಮಾಡಿಕೊಳ್ಳುತ್ತವೆ. ಆದ್ದರಿಂದ ಎಣಿಕೆಯ ಜೊತೆಗೆ ತೂಕವನ್ನೂ ಹಿಂಬದಿಯ ಶುಚಿಯನ್ನೂ ನೋಡಬೇಕು.

ಇಡೀ ಹಿಂಡು ನಿರೋಧಿಯಾಗಬೇಕಿಲ್ಲ ಎಂಬುದು ನೆಮ್ಮದಿಯ ಸಂಗತಿ. ಒಂದು ಕಾಯಿಲೆಬಿದ್ದ ಪ್ರಾಣಿ ಸರಾಸರಿ ನಾಲ್ಕಕ್ಕೆ ರೋಗ ಅಂಟಿಸುತ್ತದೆ ಎಂದುಕೊಂಡರೆ, ಹಿಂಡಿನ ನೂರಕ್ಕೆ 75 ಪೂರ್ಣ ನಿರೋಧಿಗಳಾದಾಗ ಆ ರೋಗ ಹರಡುವ ದಾರಿ ಸಿಗದೆ ತಾನಾಗಿ ಆರುತ್ತದೆ. ಹುಳುವಿನಲ್ಲಿ ಇದು ಇನ್ನೂ ಹಿತವಾಗಿ ಕೆಲಸ ಮಾಡುತ್ತದೆ. ಗಟ್ಟಿ ಕುರಿಗಳು ಕಡಿಮೆ ಮೊಟ್ಟೆ ಉದುರಿಸುತ್ತವೆ, ಹುಲ್ಲಿನ ಮೇಲೆ ಮರಿಹುಳು ಕಡಿಮೆಯಾಗುತ್ತದೆ, ದುರ್ಬಲ ಕುರಿಗಳೂ ಅದೇ ಹುಲ್ಲು ಮೇಯುವುದರಿಂದ ಅವುಗಳಿಗೂ ಲಾಭ. ನಾನು ಮೇಲೆ ಹಾಕಿದ 90 ಮೊಟ್ಟೆಯ ಲೆಕ್ಕದಲ್ಲಿ ಈ ಲಾಭ ಸೇರಿಲ್ಲ.

ಜೀನನ್ನೇ ತಿದ್ದುವ ದಾರಿಯ ಬಗ್ಗೆ ಬಹಳ ಜನ ಕೇಳುತ್ತಾರೆ, ಆದ್ದರಿಂದ ಎರಡು ಮಾತು. ಹಂದಿಗಳ ಗರ್ಭವನ್ನೂ ಉಸಿರಾಟವನ್ನೂ ಕೆಡಿಸುವ ಪಿಆರ್‌ಆರ್‌ಎಸ್ ವೈರಸ್ ಜೀವಕೋಶದೊಳಗೆ ಹೋಗಲು ಸಿಡಿ163 ಎಂಬ ಪ್ರೋಟೀನ್ ಬೇಕು. ಅಮೆರಿಕದ ಮಿಸ್ಸೌರಿಯ ಸಂಶೋಧಕರು ಆ ಜೀನನ್ನು ಕೆಡಿಸಿದ ಹಂದಿಗಳಿಗೆ ಸೋಂಕು ತಗುಲುವುದಿಲ್ಲವೆಂದು 2015ರ ಕೊನೆಯಲ್ಲಿ ತೋರಿಸಿದರು. ಈ ದಾರಿಯಲ್ಲಿ ಬೆಳೆಸಿದ ಹಂದಿಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ದೊಡ್ಡ ಸಾಧನೆಯೇ. ಇದರ ಪಕ್ಕದಲ್ಲೇ 2023ರಲ್ಲಿ ಪ್ರಕಟವಾದ ಕೋಳಿಗಳ ಪ್ರಯೋಗವನ್ನೂ ಇಟ್ಟು ನೋಡಬೇಕು. ಹಕ್ಕಿಜ್ವರದ ವೈರಸ್ ಬಳಸಿಕೊಳ್ಳುವ ಎಎನ್‌ಪಿ32ಎ ಜೀನನ್ನು ತಿದ್ದಿದ 10 ಕೋಳಿಗಳಿಗೆ ಸಾಮಾನ್ಯ ಪ್ರಮಾಣದ ವೈರಸ್ ಕೊಟ್ಟಾಗ 9ಕ್ಕೆ ಸೋಂಕು ತಗುಲಲಿಲ್ಲ. ಸಾವಿರ ಪಟ್ಟು ಹೆಚ್ಚು ಕೊಟ್ಟಾಗ ಅರ್ಧದಷ್ಟಕ್ಕೆ ತಗುಲಿತು, ಮತ್ತು ವೈರಸ್ ಬದಲಾಗಿ ಅದೇ ಕುಟುಂಬದ ಬೇರೆ ಪ್ರೋಟೀನ್‌ಗಳನ್ನು ಬಳಸಿಕೊಳ್ಳಲು ಕಲಿಯಿತು. ಅರ್ಧ ಮುಚ್ಚಿದ ಬಾಗಿಲು ರೋಗಾಣುವಿಗೆ ಹೊಸ ದಾರಿ ಹುಡುಕುವ ಕಾರಣವಾಗುತ್ತದೆ. ಲಸಿಕೆಗಳೂ ಈ ದೋಷದಿಂದ ಮುಕ್ತವಲ್ಲ. ಕೋಳಿಗಳ ಮಾರೆಕ್ ರೋಗಕ್ಕೆ 1970ರ ಆಸುಪಾಸಿನಿಂದ ಬಳಕೆಯಲ್ಲಿರುವ ಲಸಿಕೆಗಳು ಗಡ್ಡೆ ಬೆಳೆದು ಸಾಯುವುದನ್ನು ತಡೆಯುತ್ತವೆ, ಆದರೆ ವೈರಸ್ ಹರಡುವುದನ್ನು ಪೂರ್ತಿ ತಡೆಯುವುದಿಲ್ಲ. ಅತಿ ಉಗ್ರ ವೈರಸ್ ಲಸಿಕೆ ಹಾಕಿದ ಕೋಳಿಯಲ್ಲಿ ಬಹುಕಾಲ ಬದುಕಿ ಹರಡಬಲ್ಲದು ಎಂದು 2015ರ ಪ್ರಯೋಗವೊಂದು ತೋರಿಸಿತು. ಅಲ್ಲಿ ಬಿ21 ಎಂಬ ವಂಶರೂಪವುಳ್ಳ ಗಟ್ಟಿ ಕೋಳಿ ಮತ್ತು ಲಸಿಕೆ, ಎರಡೂ ಒಟ್ಟಿಗೆ ಬೇಕು.

ಇನ್ನು ನೀವು ಮಾಡಬೇಕಾದದ್ದು. ಉಳಿದ ಕುರಿಗಳಿಗೂ ಹೊಸ ಮರಿಗಳಿಗೂ ಪಿಪಿಆರ್ ಲಸಿಕೆ ಹಾಕಿಸಿ. ಆ ಟಗರನ್ನು ಮಾರಬೇಡಿ, ಆದರೆ ಅದೊಂದನ್ನೇ ಬೀಜಕ್ಕೆ ಬಿಡಬೇಡಿ. ಹಿಂಡೆಲ್ಲ ಒಂದೇ ಟಗರಿನ ಮಕ್ಕಳಾದರೆ ಎರಡೇ ತಲೆಮಾರಿನಲ್ಲಿ ಅಣ್ಣತಂಗಿಯರ, ತಂದೆಮಗಳ ಕೂಡಿಕೆಯಾಗುತ್ತದೆ, ಮರಿಗಳ ಬದುಕುವ ಶಕ್ತಿಯೇ ಕುಗ್ಗುತ್ತದೆ. ರಕ್ತಸಂಬಂಧವಿಲ್ಲದ ಮೂರು ನಾಲ್ಕು ಟಗರುಗಳು ಇರಲಿ. ಅಕ್ಕಪಕ್ಕದ ಸಾಕಣೆಗಾರರು ಜೊತೆಗೂಡಿದರೆ ಇನ್ನೂ ಒಳ್ಳೆಯದು, ಒಂದು ಟಗರಿಗೆ ಇಬ್ಬರ ಹಿಂಡಿನಲ್ಲೂ ಮರಿಗಳಾಗಿದ್ದರೆ ಎರಡೂ ಹಿಂಡುಗಳ ಎಣಿಕೆಯನ್ನು ಹೋಲಿಸಬಹುದು.

ಮರಿಗಳಿಗೆ ಹುಟ್ಟಿದ ದಿನವೇ ಕಿವಿಗೆ ನಂಬರು ಹಾಕಿ. ಅಪ್ಪ ಯಾರು, ಅಮ್ಮ ಯಾರು, ಒಂಟಿಯೋ ಅವಳಿಯೋ ಎಂದು ಬರೆದಿಡಿ. ಹಾಲು ಬಿಡಿಸಿದ ನಂತರ, ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ, ಮಳೆ ಬಂದು ಹುಲ್ಲು ಹಸಿಯಾಗಿರುವಾಗ ಎಲ್ಲವನ್ನೂ ಒಟ್ಟಿಗೆ ಮೇಯಿಸಿ. ಆಗ ಕೆಲವು ವಾರ ಹುಳುವಿನ ಔಷಧಿ ಕೊಡಬೇಡಿ. ಈ ದಿನಗಳಲ್ಲಿ ವಾರಕ್ಕೊಮ್ಮೆ ಪ್ರತಿ ಮರಿಯ ಕೆಳರೆಪ್ಪೆ ಬಿಡಿಸಿ ಒಳಪೊರೆಯ ಬಣ್ಣ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಫಮಾಚ ಎಂಬ ಬಣ್ಣದ ಪಟ್ಟಿ ಇದಕ್ಕಾಗಿಯೇ ಇದೆ, ಕಡುಗೆಂಪು ಎಂದರೆ 1, ಬಿಳಿಚಿಕೊಂಡಿದ್ದರೆ 5. ನಾಲ್ಕಕ್ಕೆ ಬಂದ ಮರಿಗೆ ಕೂಡಲೇ ಔಷಧಿ ಕೊಡಿ, ಆಯ್ಕೆಗಾಗಿ ಯಾವ ಮರಿಯನ್ನೂ ಸಾಯಲು ಬಿಡಬೇಡಿ. ಔಷಧಿ ಬೇಕಾಯಿತು ಎಂಬುದೇ ಅದರ ದಾಖಲೆ. ಕೆಲವು ಮರಿಗಳ ಹಿಕ್ಕೆ ಮೊದಲು ಪರೀಕ್ಷಿಸಿ, ಸರಾಸರಿ ಗ್ರಾಂಗೆ 500 ಮೊಟ್ಟೆ ದಾಟಿದ ಮೇಲೆ ಎಲ್ಲ ಮರಿಗಳದನ್ನೂ ಒಂದೇ ದಿನ ತೆಗೆಯಿರಿ. ನೆಲದ ಮೇಲಿನದು ಬೇಡ, ಪ್ರತಿ ಮರಿಯ ಗುದದಿಂದಲೇ ತೆಗೆಯಬೇಕು, ಇಲ್ಲದಿದ್ದರೆ ಯಾರದೆಂದು ತಿಳಿಯುವುದಿಲ್ಲ. ಹತ್ತಿರದ ಪಶುವೈದ್ಯಕೀಯ ಪ್ರಯೋಗಾಲಯದಲ್ಲಿ ಮ್ಯಾಕ್‌ಮಾಸ್ಟರ್ ಗಾಜಿನಲ್ಲಿ ಎಣಿಸಿಕೊಡುತ್ತಾರೆ. ಒಂದು ಸುತ್ತು ಔಷಧಿ ಕೊಟ್ಟು, ಮತ್ತೆ ಸೋಂಕು ತಗುಲಿದ ಮೇಲೆ ಎರಡನೆಯ ಸಲ ಎಣಿಸಿದರೆ ನಂಬಿಕೆ ಹೆಚ್ಚುತ್ತದೆ.

ಎಣಿಕೆ ಬಂದ ಮೇಲೆ ಒಂದೊಂದು ಮರಿಯನ್ನು ನೋಡುವ ಮೊದಲು ಅಪ್ಪಂದಿರ ಪ್ರಕಾರ ಗುಂಪು ಮಾಡಿ. ನಿಮ್ಮ ಪಿಪಿಆರ್ ಗೆದ್ದ ಟಗರಿನ 25 ಮರಿಗಳ ಸರಾಸರಿ ಎಷ್ಟು, ಉಳಿದ ಟಗರುಗಳ ಮರಿಗಳದು ಎಷ್ಟು ಎಂದು ಪಕ್ಕಪಕ್ಕದಲ್ಲಿ ಬರೆಯಿರಿ. ಪಿಪಿಆರ್ ವಿಷಯದಲ್ಲಿ ಅದರ ಸತ್ಯ ತಿಳಿಯುವ ದಾರಿ ಈಗ ನಮಗಿಲ್ಲ. ಹುಳುವಿನ ವಿಷಯದಲ್ಲಿ ಅದರ ಮರಿಗಳೇ ಹೇಳುತ್ತವೆ. ಆ ಪಟ್ಟಿಯನ್ನು ನನಗೂ ಕಳುಹಿಸಿ, ಮುಂದಿನ ವರ್ಷ ಯಾವ ಟಗರು ಉಳಿಯಬೇಕೆಂದು ಅಂಕಿಗಳನ್ನು ಇಟ್ಟುಕೊಂಡು ಒಟ್ಟಿಗೆ ನೋಡೋಣ.